ಸೀಸದ ಗುಂಡು, ತಾಮ್ರದ ಗುಂಡು: ಮುಧೋಳ ಸೀಮೆಯ ಕೋವಿಯನ್ನು ಕುರಿತು ಒಂದು ಸಂವಾದ

ಕೋವಿಯ ಬಾಯಿಂದಲೇ ಮದ್ದನ್ನೂ ಗುಂಡನ್ನೂ ತುಂಬಿ, ಗಜದಿಂದ ತಳದವರೆಗೆ ಒತ್ತಿ, ಬತ್ತಿಯ ಕಿಡಿಯಿಂದಲೋ ಕೇಪಿನಿಂದಲೋ ಹಾರಿಸುವ ಪದ್ಧತಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೈನ್ಯಗಳಿಂದ ಮರೆಯಾದರೂ ಪೂರ್ತಿಯಾಗಿ ಅಳಿದುಹೋಗಲಿಲ್ಲ. ಅಮೆರಿಕದ ಹಲವು ರಾಜ್ಯಗಳು ಜಿಂಕೆಯ ಬೇಟೆಗೆ ಇಂಥ ಕೋವಿಗಳಿಗೆಂದೇ ಪ್ರತ್ಯೇಕ ಋತುವನ್ನು ಗೊತ್ತುಮಾಡಿವೆ. ಭಾರತದಲ್ಲಿ ಬೆಳೆ ಕಾಯುವ ರೈತನಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯು ಇದೇ ಬಗೆಯ ಕೋವಿಗೆ ಪರವಾನಗಿ ಪಡೆಯುವ ಅವಕಾಶವನ್ನು ಉಳಿಸಿದೆ. ಶತಮಾನಗಳ ಕಾಲ ಸೀಸವನ್ನೇ ನುಂಗಿದ ಈ ಕೋವಿಗೆ ಈಚಿನ ದಶಕಗಳಲ್ಲಿ ಅಪ್ಪಟ ತಾಮ್ರದ ಗುಂಡು ಬಂದಿದೆ, ಮತ್ತು ಆ ಗುಂಡನ್ನು ಒಂದೊಂದು ನಳಿಗೆಗೂ ಹೊಂದುವಂತೆ ಅಳತೆಗಿಳಿಸುವ ಕೆಲಸವು ಒಂದು ಸೂಕ್ಷ್ಮ ಕಸುಬಾಗಿ ಬೆಳೆದಿದೆ. ಲೋಹಗಳನ್ನು ಅಭ್ಯಾಸ ಮಾಡಿದ ಒಬ್ಬರೂ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಚರಿತ್ರೆಯನ್ನು ಬಲ್ಲ ಇನ್ನೊಬ್ಬರೂ ಈ ವಿಷಯವನ್ನು ಕುರಿತು ನಡೆಸಿದ ಚರ್ಚೆ ಮುಂದಿದೆ.

ಲೋಹಜ್ಞ: ತಾಮ್ರದ ಗುಂಡಿನ ಮಾತಿಗೆ ಮೊದಲು ಸೀಸದ ಗುಣಗಳನ್ನು ತಿಳಿಯಬೇಕಾಗುತ್ತದೆ. ಸೀಸ 327 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವುದರಿಂದ ಒಲೆಯ ಕೆಂಡದ ಮೇಲೆ ಕಬ್ಬಿಣದ ಸೌಟಿನಲ್ಲಿಟ್ಟರೂ ನೀರಾಗುತ್ತದೆ, ಅಚ್ಚಿಗೆ ಹೊಯ್ದ ಕ್ಷಣದಲ್ಲಿಯೇ ಗಟ್ಟಿಯಾಗುತ್ತದೆ, ಕೆಟ್ಟ ಗುಂಡನ್ನು ಮತ್ತೆ ಸೌಟಿಗೆ ಹಾಕಿದರೆ ಹೊಸ ಗುಂಡಾಗುತ್ತದೆ. ತಾಮ್ರ ಕರಗಬೇಕಾದರೆ 1,085 ಡಿಗ್ರಿ ಬೇಕು; ಅದಕ್ಕೆ ತಿದಿ, ಮೂಸೆ, ಕುಲುಮೆಗಳು ಬೇಕಾಗುತ್ತವೆ, ಮತ್ತು ಹಾಗೆ ಎರಕ ಹೊಯ್ದ ತಾಮ್ರದಲ್ಲಿ ಗಾಳಿಗುಳ್ಳೆಗಳು ಉಳಿಯುವ ಸಂಭವ ಹೆಚ್ಚಾದ್ದರಿಂದ ಇಂದಿನ ತಾಮ್ರದ ಗುಂಡುಗಳನ್ನು ಎರಕ ಹೊಯ್ಯದೆ ಸರಳುಗಳಿಂದ ಕಡೆದು ಅಥವಾ ಒತ್ತಿ ರೂಪಿಸುತ್ತಾರೆ.

ಇತಿಹಾಸಕಾರ: ತಾವು ಲೋಹದ ಗುಣವೆಂದು ಹೇಳಿದ್ದು ಈ ಸೀಮೆಯ ಚರಿತ್ರೆಯಲ್ಲಿ ಜನಜೀವನದ ಗುಣವೂ ಆಗಿತ್ತು. ದೇಶೀ ಕಮ್ಮಾರರು ಕೈಯಿಂದ ಕೊರೆದು ಮಾಡಿದ ಬತ್ತಿಯ ಬಂದೂಕುಗಳಲ್ಲಿ ಒಂದರ ನಳಿಗೆಯಂತೆ ಇನ್ನೊಂದರ ನಳಿಗೆ ಇರುತ್ತಿರಲಿಲ್ಲ. ಆದಕಾರಣ ಬಂದೂಕಿನ ಜೊತೆಗೆ ಅದರದೇ ಗುಂಡಿನ ಅಚ್ಚೂ ಇರಬೇಕಾಗುತ್ತಿತ್ತು, ಮತ್ತು ಬಂದೂಕು ಉಳ್ಳವನೇ ತನ್ನ ಗುಂಡನ್ನೂ ಎರಕ ಹೊಯ್ದುಕೊಳ್ಳುತ್ತಿದ್ದ. ಊರ ಕಾವಲು, ಪಾಳೆಯಗಾರರ ಮತ್ತು ಸಂಸ್ಥಾನಗಳ ಕಾಲಾಳು ಚಾಕರಿ, ಬೇಟೆ, ಈ ಮೂರರಿಂದ ಬದುಕಿದ ಬೇಡರಿಗೆ ಆಯುಧವು ಮನೆಯ ಉಳಿದ ಸಾಮಾನುಗಳ ಸಾಲಿನಲ್ಲಿಯೇ ಇತ್ತು. ಸಿದ್ಧ ಗುಂಡಿಗಾಗಿ ಪೇಟೆಯನ್ನೋ ಕಾರ್ಖಾನೆಯನ್ನೋ ಸರಕಾರವನ್ನೋ ನೆಚ್ಚಬೇಕಾದ ಪ್ರಮೇಯ ಅವರಿಗಿರಲಿಲ್ಲ.

ಲೋಹಜ್ಞ: ಮದ್ದಿನ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಕಪ್ಪು ಮದ್ದಿಗೆ ಬೇಕಾದ ಮೂರು ವಸ್ತುಗಳಲ್ಲಿ ಇದ್ದಿಲು ಊರಲ್ಲೇ ಸಿಗುತ್ತಿತ್ತು, ಪೆಟ್ಲುಪ್ಪನ್ನು ಹಳೆಯ ಮಣ್ಣಿನಿಂದ ತೆಗೆಯಬಹುದಾಗಿತ್ತು, ಆದರೆ ಗಂಧಕವು ವ್ಯಾಪಾರದ ದಾರಿಯಲ್ಲಿ ದೂರದಿಂದಲೇ ಬರಬೇಕಾಗಿತ್ತು.

ಇತಿಹಾಸಕಾರರು ಈ ತಿದ್ದುಪಡಿಯನ್ನು ಒಪ್ಪಿದರು, ಆದರೆ ಸ್ವಾವಲಂಬನೆಯು ಪೂರ್ಣವಾಗಿರಲಿಲ್ಲ ಎಂಬುದರಿಂದ ಅದು ಇರಲೇ ಇಲ್ಲವೆಂದು ಆಗುವುದಿಲ್ಲ ಎಂದು ತಮ್ಮ ವಾದವನ್ನು ಮುಂದುವರಿಸಿದರು.

ಇತಿಹಾಸಕಾರ: 1857ರ ನಿಶ್ಶಸ್ತ್ರೀಕರಣ ಕಾಯಿದೆಯು, ಅಂದರೆ ಪ್ರಜೆಗಳು ತಮ್ಮ ಆಯುಧಗಳನ್ನು ಸರಕಾರದಲ್ಲಿ ದಾಖಲು ಮಾಡಿಸಿ ಅಪ್ಪಣೆ ಪಡೆದ ಹೊರತು ಇಟ್ಟುಕೊಳ್ಳಕೂಡದು ಎಂಬ ಕಟ್ಟಳೆಯು, ಮುಧೋಳ ಸಂಸ್ಥಾನದ ಹಲಗಲಿಯನ್ನು ತಲುಪಿದಾಗ ಆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮುಧೋಳದಲ್ಲಿ ಆಗ ಘೋರ್ಪಡೆ ಮನೆತನದ ಆಳ್ವಿಕೆಯಿತ್ತು, ಕಲಾದಗಿಯಲ್ಲಿ ಬ್ರಿಟಿಷರ ದಂಡು ಇತ್ತು. ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬವರ ಮುಂದಾಳತನದಲ್ಲಿ ಸುತ್ತಲಿನ ಜನ ಅಲ್ಲಿ ಸೇರಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮ್ಯಾಲ್ಕಂ ನೇತೃತ್ವದ ಕುದುರೆದಂಡು ಹಲಗಲಿಯ ಮೇಲೆ ಬಿತ್ತು, ಊರಿಗೆ ಬೆಂಕಿಯಿಟ್ಟಿತು, ಹೋರಾಟದಲ್ಲಿ ನೂರರಷ್ಟು ಜನ ಸತ್ತರು. ಸೆರೆಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿಯೂ 6 ಮಂದಿಯನ್ನು ಡಿಸೆಂಬರ್ 14ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಈ ಘಟನೆಯನ್ನು ಹಾಡಿದ ಲಾವಣಿಯನ್ನು ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚಿಗೆ ಕೊಟ್ಟದ್ದರಿಂದ ಅದು ಕನ್ನಡ ಓದುಗರ ನೆನಪಿನಲ್ಲಿ ಉಳಿದಿದೆ. ಅದೇ ಕಾಲದ ನರಗುಂದ, ಸುರಪುರಗಳ ಬಂಡಾಯಗಳಲ್ಲಿ ಅರಸುಮನೆತನದ ಹಕ್ಕು ಮುಖ್ಯವಾಗಿದ್ದರೆ, ಹಲಗಲಿಯಲ್ಲಿ ಜಗಳಕ್ಕೆ ಕಾರಣವಾದದ್ದು ಸಾಮಾನ್ಯ ಮನೆಗಳ ಆಯುಧ ಎಂಬುದನ್ನು ಚರಿತ್ರೆ ಬರೆಯುವವರು ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ಲೋಹಜ್ಞ: ಅದೇ ವರ್ಷ ಉತ್ತರ ಭಾರತದಲ್ಲಿ ಸಿಪಾಯಿಗಳ ಬಂಡಾಯದ ಕಿಡಿ ಹೊತ್ತಿಸಿದ ಎನ್‌ಫೀಲ್ಡ್ ಬಂದೂಕೂ ಬಾಯಿಂದ ತುಂಬುವಂಥದೇ ಆಗಿತ್ತು. ಅದರ ತೋಟೆಗೆ ಬಳಿದ ಕೊಬ್ಬಿನ ವಿಚಾರವನ್ನು ಶಾಲೆಯ ಪಠ್ಯದಲ್ಲಿ ಎಲ್ಲರೂ ಓದಿದ್ದಾರೆ. ಆದರೆ ಆ ಕೊಬ್ಬು ಏಕೆ ಬೇಕಾಗಿತ್ತು ಎಂಬುದನ್ನು ವಿವರಿಸುವವರು ವಿರಳ, ಮತ್ತು ಗುಂಡನ್ನು ಅಳತೆಗಿಳಿಸುವ ವಿಷಯದ ಬೇರು ಇರುವುದು ಅಲ್ಲಿಯೇ. ಕಪ್ಪು ಮದ್ದು ಉರಿದಾಗ ಹುಟ್ಟುವ ವಸ್ತುವಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕಣಗಳಾಗಿ, ಮಸಿಯಾಗಿ, ಘನರೂಪದಲ್ಲಿಯೇ ಉಳಿಯುತ್ತದೆ. ನಾಲ್ಕಾರು ಈಡು ಹಾರಿಸುವಷ್ಟರಲ್ಲಿ ನಳಿಗೆಯ ಒಳಮೈಗೆ ಈ ಮಸಿ ಕಟ್ಟಿ, ಮೊದಲನೆಯ ಸಲ ಸಲೀಸಾಗಿ ಇಳಿದ ಗುಂಡು ಮುಂದೆ ಗಜಕ್ಕೆ ಬಗ್ಗುವುದೇ ಇಲ್ಲ; ತೋಟೆಗೆ ಕೊಬ್ಬು ಬೇಕಾದದ್ದು ಈ ತೊಡಕಿಗೇ. ಹಳೆಯ ನಯನಳಿಗೆಯ ಬಂದೂಕುಗಳು ಇದಕ್ಕೆ ಕಂಡುಕೊಂಡಿದ್ದ ಉಪಾಯವೆಂದರೆ ಗುಂಡನ್ನು ಬೇಕೆಂದೇ ಚಿಕ್ಕದಾಗಿಸುವುದು: ಬ್ರಿಟಿಷ್ ದಂಡಿನ ಬ್ರೌನ್ ಬೆಸ್ ಬಂದೂಕಿನ ನಳಿಗೆ ಸುಮಾರು 19 ಮಿಲಿಮೀಟರ್ ಇದ್ದರೆ ಗುಂಡು ಸುಮಾರು 17.5 ಮಿಲಿಮೀಟರ್ ಇತ್ತು. ತುಂಬುವುದು ಸುಲಭವಾಯಿತು, ಗುರಿ ಕೆಟ್ಟಿತು. ಸಡಿಲ ಗುಂಡು ನಳಿಗೆಯ ಗೋಡೆಗಳಿಗೆ ತಾಗುತ್ತ ಬಂದು ಕೊನೆಯಲ್ಲಿ ಯಾವ ಗೋಡೆಗೆ ತಾಗಿತೋ ಅದರ ಎದುರು ದಿಕ್ಕಿಗೆ ಹೋಗುತ್ತಿತ್ತು.

ಇತಿಹಾಸಕಾರ: ಬೇಟೆಗಾರರು ಗುಂಡಿಗೆ ಚಿಂದಿ ಸುತ್ತುತ್ತಿದ್ದದ್ದು ಇದಕ್ಕೇ ಇರಬೇಕು.

ಲೋಹಜ್ಞ: ಅದಕ್ಕೇ. ನಳಿಗೆಯ ಒಳಗೆ ತಿರುಚಿದ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ಸುತ್ತುತ್ತ ನೇರವಾಗಿ ಹೋಗುತ್ತದೆ, ಆದರೆ ಆ ಗೀರುಗಳನ್ನು ಗುಂಡು ಹಿಡಿಯಬೇಕು. ಎಣ್ಣೆ ಹಚ್ಚಿದ ಬಟ್ಟೆಯ ತುಂಡಿನಲ್ಲಿ ಗುಂಡನ್ನಿಟ್ಟು ತುರುಕಿದರೆ ಬಟ್ಟೆಯು ಗೀರನ್ನು ಹಿಡಿಯುತ್ತದೆ, ಗುಂಡು ಬಟ್ಟೆಯನ್ನು ಹಿಡಿಯುತ್ತದೆ. ಇಂದಿಗೂ 12.7 ಮಿಲಿಮೀಟರ್ ನಳಿಗೆಗೆ ಸುಮಾರು 12.45 ಮಿಲಿಮೀಟರ್ ಸೀಸದ ಗೋಲಿಯನ್ನು ಬಟ್ಟೆಯೊಡನೆ ಬಳಸುವುದು ರೂಢಿಯಲ್ಲಿದೆ. ಆದರೆ ಯುದ್ಧದ ಗಡಿಬಿಡಿಯಲ್ಲಿ ಇಷ್ಟು ಸಾವಧಾನ ಸಾಧ್ಯವಿಲ್ಲದ ಕಾರಣ, ಫ್ರೆಂಚ್ ಸೇನಾಧಿಕಾರಿ ಮಿನಿಯೇ 1849ರ ಹೊತ್ತಿಗೆ ರೂಪಿಸಿದ ಗುಂಡು ಬೇರೊಂದು ದಾರಿ ಹಿಡಿಯಿತು. ಗುಂಡಿನ ಬುಡವನ್ನು ಟೊಳ್ಳು ಮಾಡಲಾಯಿತು. ಗುಂಡು ನಳಿಗೆಗಿಂತ ಚಿಕ್ಕದಾಗಿ ಸಲೀಸಾಗಿ ಇಳಿಯುತ್ತದೆ, ಮದ್ದು ಸಿಡಿದಾಗ ಆ ಒತ್ತಡವೇ ಮೆತ್ತನೆಯ ಸೀಸದ ಅಂಚನ್ನು ಅರಳಿಸಿ ಗೀರುಗಳಿಗೆ ಒತ್ತುತ್ತದೆ. ಎನ್‌ಫೀಲ್ಡ್ ಬಂದೂಕಿನ ಗುಂಡು ಈ ಜಾತಿಯದು. ಅದರ ನಳಿಗೆ 14.66 ಮಿಲಿಮೀಟರ್, ಆರಂಭದ ಗುಂಡು 14.43 ಮಿಲಿಮೀಟರ್, ಸಂದು ಕೇವಲ 0.23 ಮಿಲಿಮೀಟರ್. ಹಿಂದುಸ್ತಾನದ ಬಿಸಿಲಿನಲ್ಲಿ ತೋಟೆಯ ಜಿಡ್ಡು ಕರಗಿ ಕೆಟ್ಟು ಗುಂಡು ಇಳಿಯದಾದ ಅನುಭವದ ಮೇಲೆ ಅದನ್ನು 13.97 ಮಿಲಿಮೀಟರಿಗೆ ಇಳಿಸಿದರು, ಹೆಚ್ಚಿದ ಸಂದನ್ನು ತುಂಬುವಷ್ಟು ಅಂಚು ಅರಳಲೆಂದು ಟೊಳ್ಳಿನಲ್ಲಿ ಮರದ, ಮುಂದೆ ಸುಟ್ಟ ಮಣ್ಣಿನ, ಬೆಣೆಯನ್ನಿಟ್ಟರು. ಅರ್ಧ ಮಿಲಿಮೀಟರಿಗೂ ಕಡಿಮೆಯಾದ ಈ ತಿದ್ದುಪಡಿಯಿಂದ ಒಂದು ಸಾಮ್ರಾಜ್ಯದ ದಂಡು ತನ್ನ ಬಂದೂಕನ್ನು ಉಳಿಸಿಕೊಂಡಿತು.

ಇತಿಹಾಸಕಾರ: ಹಾಗಾದರೆ ಸೀಸದ ಮೆತುತನವೇ ಎಲ್ಲ ತಪ್ಪುಗಳನ್ನೂ ಕ್ಷಮಿಸುತ್ತಿತ್ತು. ತಾಮ್ರವು ಹಾಗೆ ಕ್ಷಮಿಸುತ್ತದೆಯೇ?

ಲೋಹಜ್ಞ: ಕ್ಷಮಿಸುವುದಿಲ್ಲ, ಮತ್ತು ಇಡೀ ಕಸುಬು ಹುಟ್ಟಿದ್ದೇ ಆ ಕಾರಣದಿಂದ. ಅಪ್ಪಟ ಸೀಸದ ಗಡಸುತನವನ್ನು ಬ್ರಿನೆಲ್ ಮಾಪನದಲ್ಲಿ ಸುಮಾರು 5 ಎಂದು ಎಣಿಸಿದರೆ, ಕಾಯಿಸಿ ಮೆತ್ತಗೆ ಮಾಡಿದ ತಾಮ್ರವೂ ಸುಮಾರು 40ರಷ್ಟಿದೆ. ಕಪ್ಪು ಮದ್ದಿನ ಒತ್ತಡವು ತಾಮ್ರದ ಬುಡವನ್ನು ಸೀಸದಂತೆ ಅರಳಿಸಲಾರದು. ಆದ್ದರಿಂದ ನಳಿಗೆಗೆ ಹೊಂದಿಕೊಳ್ಳುವ ಕೆಲಸವನ್ನು ಮದ್ದಿಗೆ ಬಿಟ್ಟುಬಿಡುವಂತಿಲ್ಲ, ಗುಂಡನ್ನು ತುಂಬುವ ಮೊದಲೇ ಮುಗಿಸಿರಬೇಕು. ಒಂದೋ ಗುಂಡಿಗೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸುತ್ತಾರೆ. ಹಳೆಯ ಚಿಂದಿ ಮಾಡುತ್ತಿದ್ದುದನ್ನೇ ಇದು ಮಾಡುತ್ತದೆ. ಇಲ್ಲವೇ ಗುಂಡನ್ನೇ ನಳಿಗೆಯ ನಿಖರ ಅಳತೆಗೆ ತರುತ್ತಾರೆ. ಎರಡನೆಯ ದಾರಿಯಲ್ಲಿ ಇರುವ ತೊಡಕೆಂದರೆ, ಒಂದೇ ಹೆಸರಿನ ಎರಡು ನಳಿಗೆಗಳು ಸಹ ಒಂದೇ ಅಳತೆಯವಲ್ಲ, 12.7 ಮಿಲಿಮೀಟರ್ ಎಂದು ಮೊಹರು ಹೊತ್ತ ನಳಿಗೆಯೊಂದು ವಾಸ್ತವದಲ್ಲಿ 0.05 ಮಿಲಿಮೀಟರಿನಷ್ಟು ಹಿಗ್ಗಿರಬಹುದು, ಮತ್ತು ತಾಮ್ರಕ್ಕೆ ಆ ಐದು ನೂರನೆಯ ಭಾಗವೇ ದೊಡ್ಡ ಮಾತು.

ಇತಿಹಾಸಕಾರ: ನಳಿಗೆಯ ಒಳಗಿನ ಅಳತೆಯನ್ನು ತಿಳಿಯುವುದು ಹೇಗೆ?

ಲೋಹಜ್ಞ: ಅದಕ್ಕೆ ಬೇಕಾಗುವುದು ಮತ್ತೆ ಸೀಸವೇ. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ತೊಳೆದು ಒರೆಸಿ, ಎಣ್ಣೆ ಸವರಿದ ಮೆತ್ತನೆಯ ಸೀಸದ ತುಂಡೊಂದನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನವಾಗಿ ತಳ್ಳಿ ತೆಗೆದರೆ, ಅದರ ಮೈಮೇಲೆ ನಳಿಗೆಯ ಗೀರುಗಳೂ ದಿಬ್ಬಗಳೂ ಪಡಿಮೂಡುತ್ತವೆ. ಅದನ್ನು ಮೈಕ್ರೋಮೀಟರಿನಿಂದ, ಅಂದರೆ ಮಿಲಿಮೀಟರಿನ ನೂರನೆಯ ಭಾಗವನ್ನು ತೋರುವ ತಿರುಪಿನ ಮಾಪಕದಿಂದ, ಅಳೆಯುತ್ತಾರೆ. ನಂತರ ಆ ಅಳತೆಗೆ ಕೊರೆದ ಗಡಸು ಉಕ್ಕಿನ ಅಚ್ಚೊಂದನ್ನು ಒತ್ತುಯಂತ್ರಕ್ಕೆ ಜೋಡಿಸುತ್ತಾರೆ. ಅಚ್ಚಿನ ಬಾಯಿ ತುಸು ಅಗಲವಾಗಿ, ಒಳಗೆ ಇಳಿಯುತ್ತ ಕಿರಿದಾಗಿ, ಕನ್ನಡಿಯಂತೆ ನಯವಾಗಿರಬೇಕು. ಒಂದು ಗೆರೆ ಉಳಿದಿದ್ದರೂ ಅದು ಪ್ರತಿ ಗುಂಡಿನ ಮೈಮೇಲೂ ಬರುತ್ತದೆ. ಗುಂಡಿಗೆ ತೆಳುವಾಗಿ ಜಿಡ್ಡು ಸವರಿ, ಮೂತಿ ಮುಂದಾಗಿಟ್ಟು, ಚಪ್ಪಟೆಯಾದ ಬುಡಕ್ಕೆ ಸರಳಿನಿಂದ ಒತ್ತು ಕೊಟ್ಟು ಅಚ್ಚಿನ ಮೂಲಕ ದಾಟಿಸುತ್ತಾರೆ. ಮೂತಿಯ ಕಡೆಯಿಂದ ಒತ್ತಿದರೆ ಅಲ್ಲಿರುವ ಟೊಳ್ಳು ಮುಚ್ಚಿಹೋಗಿ ಗುಂಡು ಕೆಲಸಕ್ಕೆ ಬಾರದಂತಾಗುತ್ತದೆ.

ಇತಿಹಾಸಕಾರ: ಅಚ್ಚಿನ ಅಳತೆಯೇ ಗುಂಡಿನ ಅಳತೆಯಾಗುತ್ತದೆಯೇ?

ಲೋಹಜ್ಞ: ಆಗುವುದಿಲ್ಲ. ತಾಮ್ರವು ಒತ್ತಿಗೆ ಬಗ್ಗಿದರೂ ಅಚ್ಚಿನಿಂದ ಹೊರಬಂದೊಡನೆ ಕೂದಲೆಳೆಯ ಒಂದಂಶದಷ್ಟು ಮರಳಿ ಹಿಗ್ಗುತ್ತದೆ. ಸೀಸದಲ್ಲಿ ಈ ಹಿಗ್ಗು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ತಾಮ್ರದ ಈ ಹಿಗ್ಗಿಗಾಗಿ ಅಚ್ಚನ್ನು ಬೇಕಾದ ಅಳತೆಗಿಂತ ಚೂರು ಕಿರಿದಾಗಿಯೇ ಕೊರೆಯಬೇಕಾಗುತ್ತದೆ, ಮತ್ತು ಒಂದೇ ಪೆಟ್ಟಿಗೆ ಹೆಚ್ಚು ಇಳಿಸುವ ಆಸೆಯನ್ನು ಬಿಡಬೇಕಾಗುತ್ತದೆ. ಒಂದು ಸಲಕ್ಕೆ 0.025ರಿಂದ 0.05 ಮಿಲಿಮೀಟರ್ ಇಳಿಸಿದರೆ ಸಾಕು. ಇನ್ನೊಂದು ಗುಣವನ್ನು ತಾಮ್ರದ ಪಾತ್ರೆ ಬಡಿಯುವ ತಾಂಬಟರು ಶತಮಾನಗಳಿಂದ ಬಲ್ಲರು: ಬಡಿದಂತೆಲ್ಲ ತಾಮ್ರ ಗಡಸಾಗುತ್ತದೆ, ಗಡಸಾದದ್ದನ್ನು ಮತ್ತೆ ಬಡಿದರೆ ಬಿರಿಯುತ್ತದೆ, ಆದ್ದರಿಂದ ಅವರು ನಡುನಡುವೆ ಕೆಂಪಗೆ ಕಾಯಿಸಿ ಅದನ್ನು ಮೆತ್ತಗೆ ಮಾಡಿಕೊಳ್ಳುತ್ತಾರೆ, ಹಾಗೆ ಕಾಯಿಸಿದ್ದನ್ನು ನೀರಿಗೆ ಹಾಕಿದರೂ ಉಕ್ಕಿನಂತೆ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ಗುಂಡನ್ನೂ ಹಲವು ಸಲ ಅಚ್ಚಿನಲ್ಲಿ ದಾಟಿಸಿದರೆ ಇದೇ ಆಗುತ್ತದೆ. ತಾಮ್ರದ ಗುಂಡಿನ ಮೂತಿಯಲ್ಲಿ ಟೊಳ್ಳನ್ನೂ ಅದರ ಸುತ್ತ ಸೀಳುಗಳನ್ನೂ ಮಾಡಿರುವುದು, ಪ್ರಾಣಿಯ ಮೈಯನ್ನು ಹೊಕ್ಕೊಡನೆ ಅದು ಹೂವಿನ ಎಸಳುಗಳಂತೆ ಬಿರಿದು ಪ್ರಾಣವನ್ನು ಬೇಗ ತೆಗೆಯಲೆಂದು. ಗಡಸಾದ ಮೂತಿ ಬಿರಿಯದೆ ಸೂಜಿಯಂತೆ ತೂರಿಹೋದರೆ ಜಿಂಕೆಯು ಗಾಯಗೊಂಡು ಓಡಿ, ಯಾರ ಕೈಗೂ ಸಿಗದೆ, ದಿನಗಟ್ಟಲೆ ನರಳಿ ಸಾಯುತ್ತದೆ.

ಈ ಮಾತಿನ ಬಳಿಕ ಇತಿಹಾಸಕಾರರು, ಅಳತೆಯ ಈ ಎಲ್ಲ ಸೂಕ್ಷ್ಮತೆಯು ಗುರಿಗಾಗಿಯೋ ಪ್ರಾಣಿಗಾಗಿಯೋ ಎಂದು ಕೇಳಿದರು. ಲೋಹಜ್ಞರು ಮೂರನೆಯದೊಂದನ್ನು ಮೊದಲು ಹೇಳಬಯಸಿದರು.

ಲೋಹಜ್ಞ: ಮೊದಲನೆಯದು ಹಾರಿಸುವವನ ಪ್ರಾಣ. ಸಡಿಲವಾದ ಗುಂಡು, ಕೋವಿಯನ್ನು ಬಾಯಿ ಕೆಳಗಾಗಿ ಹೊತ್ತು ನಡೆಯುವಾಗ ಮದ್ದಿನಿಂದ ಜಾರಿ ನಳಿಗೆಯ ನಡುವೆ ನಿಂತುಬಿಡಬಹುದು; ಮದ್ದಿಗೂ ಗುಂಡಿಗೂ ನಡುವೆ ಹೀಗೆ ಬಯಲು ಬಿದ್ದರೆ, ಸಿಡಿದ ಅನಿಲಕ್ಕೆ ಆ ಗುಂಡು ಅಡ್ಡಗಟ್ಟಿದ ಬಿರಡೆಯಂತಾಗಿ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಬಿಗಿಯಾದ ಗುಂಡಿನಲ್ಲಿ ಇನ್ನೊಂದು ಅಪಾಯ: ಅದು ತಳ ಮುಟ್ಟುವ ಮೊದಲೇ ಸಿಕ್ಕಿಕೊಂಡರೂ ಪರಿಣಾಮ ಅದೇ. ಆದ್ದರಿಂದಲೇ ಬಲ್ಲವರು ಗಜದ ಮೇಲೆ ಗುರುತು ಹಾಕಿ, ಗುಂಡು ಮದ್ದಿನ ಮೇಲೆ ಕುಳಿತಿದೆಯೆಂದು ಪ್ರತಿ ಸಲವೂ ನೋಡುತ್ತಾರೆ, ಪ್ರತಿ ಈಡಿನ ಬಳಿಕ ನಳಿಗೆಯನ್ನು ಒರೆಸುತ್ತಾರೆ. ಗುಂಡು ಹೆಬ್ಬೆರಳ ಒತ್ತಿಗೆ ನಳಿಗೆಯ ಬಾಯೊಳಗೆ ಕೂರಬೇಕು, ಗಜದ ಒಂದೇ ಸಮನಾದ ಒತ್ತಿಗೆ ತಳಕ್ಕೆ ಇಳಿಯಬೇಕು, ಬಡಿಯುವ ಅಗತ್ಯ ಬೀಳಬಾರದು, ತಲೆಕೆಳಗು ಮಾಡಿದರೆ ಜಾರಬಾರದು. ಈ ನಾಲ್ಕನ್ನೂ ಒಟ್ಟಿಗೆ ಸಾಧಿಸುವ ಅಳತೆ ಯಾವುದೋ ಅದೇ ಆ ನಳಿಗೆಯ ಗುಂಡಿನ ಅಳತೆ.

ಇತಿಹಾಸಕಾರ: ಇಷ್ಟೆಲ್ಲ ತೊಡಕಿರುವಾಗ, ಸುಲಭವಾದ ಸೀಸವನ್ನು ಬಿಟ್ಟು ತಾಮ್ರದ ಹಿಂದೆ ಹೋಗಲು ಬಲವಾದ ಕಾರಣವಿರಬೇಕು. ತೂಕದಲ್ಲಂತೂ ತಾಮ್ರಕ್ಕೆ ಮೇಲುಗೈ ಇಲ್ಲ.

ಲೋಹಜ್ಞ: ತೂಕದಲ್ಲಿ ಸೋಲೇ ಇದೆ. 12.7 ಮಿಲಿಮೀಟರ್ ವ್ಯಾಸದ ಸೀಸದ ಗೋಲಿ ಸುಮಾರು 12 ಗ್ರಾಂ ತೂಗಿದರೆ ಅದೇ ಅಳತೆಯ ತಾಮ್ರದ್ದು 9.6 ಗ್ರಾಂ ತೂಗುತ್ತದೆ. ತೂಕ ಸರಿದೂಗಿಸಲು ಗುಂಡನ್ನು ಉದ್ದ ಮಾಡಬೇಕು, ಉದ್ದವಾದ ಗುಂಡು ನೆಟ್ಟಗೆ ಹೋಗಬೇಕಾದರೆ ಗೀರುಗಳ ತಿರುವು ಬಿಗಿಯಾಗಬೇಕು. ಗೋಲಿಗುಂಡಿನ ಹಳೆಯ ನಳಿಗೆಗಳಲ್ಲಿ ಗೀರು ಒಂದು ಸುತ್ತು ಬರಲು 120ರಿಂದ 170 ಸೆಂಟಿಮೀಟರ್ ತೆಗೆದುಕೊಂಡರೆ ಹೊಸ ನಳಿಗೆಗಳಲ್ಲಿ 71 ಸೆಂಟಿಮೀಟರಿಗೇ ಸುತ್ತು ಮುಗಿಯುತ್ತದೆ. ತಾಮ್ರಕ್ಕೆ ಹೋಗಲು ಕಾರಣ ಸೀಸದ ವಿಷ. ಗುಂಡೇಟಿನಿಂದ ಸತ್ತ ಪ್ರಾಣಿಯ ಮೈಯಲ್ಲಿ ಸೀಸದ ಕಿರುಚೂರುಗಳು ಗಾಯದ ಜಾಗದಿಂದ ಸಾಕಷ್ಟು ದೂರದವರೆಗೆ ಚದುರಿರುವುದನ್ನು ಕ್ಷ-ಕಿರಣ ಚಿತ್ರಗಳು ತೋರಿಸಿವೆ. ಬಾಯಿಂದ ತುಂಬುವ ಕೋವಿಯ ನಿಧಾನಗತಿಯ ಗೋಲಿಗುಂಡು ಆಧುನಿಕ ಬಂದೂಕಿನ ವೇಗದ ಗುಂಡಿನಷ್ಟು ಚೂರಾಗುವುದಿಲ್ಲ ಎಂಬುದು ನಿಜವಾದರೂ, ಸೀಸದಲ್ಲಿ ಮನುಷ್ಯನಿಗೆ ನಿರಪಾಯವಾದ ಪ್ರಮಾಣ ಎಂಬುದೇ ಗೊತ್ತಾಗಿಲ್ಲದ ಕಾರಣ ಸ್ವಲ್ಪವೂ ಸ್ವಲ್ಪವೆನಿಸುವುದಿಲ್ಲ. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸ ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳು ಸೀಸದ ವಿಷಕ್ಕೆ ತುತ್ತಾದವು. 1982ರಲ್ಲಿ ಅವುಗಳ ಸಂಖ್ಯೆ ಜಗತ್ತಿನಲ್ಲೆಲ್ಲ 22ಕ್ಕೆ ಇಳಿದಿತ್ತು. ಆ ರಾಜ್ಯವು 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ಸಂಪೂರ್ಣವಾಗಿ ನಿಷೇಧಿಸಿತು. ನಮ್ಮ ರಣಹದ್ದುಗಳನ್ನು ಕೊಂದದ್ದು ಬೇರೆಯೇ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ, ಆದರೆ ಸತ್ತ ಪ್ರಾಣಿಯಲ್ಲಿ ಮನುಷ್ಯನು ಉಳಿಸಿಹೋದದ್ದು ತಿಂದ ಹಕ್ಕಿಯನ್ನು ಕೊಲ್ಲುತ್ತದೆ ಎಂಬ ಕ್ರಮ ಎರಡು ಕಡೆಯೂ ಒಂದೇ.

ಇತಿಹಾಸಕಾರ: ಅಲ್ಲಿಯ ಲಾಭವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೆಲೆಯನ್ನೂ ಹೇಳಬೇಕು. ಸೀಸದ ಗುಂಡು ಮಾಡುವವನಿಗೆ ಒಲೆ, ಸೌಟು, ಅಚ್ಚು ಸಾಕಾಗಿದ್ದವು. ತಾಮ್ರದ ಗುಂಡು ಬೇಕಾದವನು ಕಾರ್ಖಾನೆಯಿಂದ ಕೊಂಡು, ಉಕ್ಕಿನ ಅಚ್ಚನ್ನೂ ಮಾಪಕವನ್ನೂ ಕೊಂಡು, ನಂತರ ತನ್ನ ನಳಿಗೆಗೆ ಹೊಂದಿಸಿಕೊಳ್ಳಬೇಕು. ಹಲಗಲಿಯ ಬೇಡನು ತನ್ನ ಗುಂಡಿಗೆ ಮೊದಲಿನಿಂದ ಕೊನೆಯವರೆಗೂ ಕರ್ತೃವಾಗಿದ್ದನು; ಈ ಹೊಸ ಬೇಟೆಗಾರನು ಕಡೆಯ ಐದು ನೂರನೆಯ ಭಾಗ ಮಿಲಿಮೀಟರಿಗೆ ಮಾತ್ರ ಕರ್ತೃ.

ಲೋಹಜ್ಞ: ಆ ಕಡೆಯ ಭಾಗದಲ್ಲಿಯೇ ಕೋವಿಯ ಸುರಕ್ಷತೆ ನಿಂತಿರುವುದರಿಂದ ಅದನ್ನು ಹಗುರವಾಗಿ ಕಾಣಲಾಗದು. ಅಲ್ಲದೆ ಇಷ್ಟೆಲ್ಲವನ್ನೂ ಮುಧೋಳ ಸೀಮೆಗೆ ಅನ್ವಯಿಸುವುದಾದರೂ ಹೇಗೆ? ಇಲ್ಲಿ ಯಾವ ಜಿಂಕೆಗೆ ಯಾವ ಗುಂಡು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇತಿಹಾಸಕಾರ: ಏಳುವುದಿಲ್ಲ, ಮತ್ತು ಏಳಬಾರದು. ಮುಧೋಳ, ಬೀಳಗಿ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ ಸುಮಾರು 96 ಚದರ ಕಿಲೋಮೀಟರ್ ಪ್ರದೇಶವನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಜನರು ಚಿಂಕಾರವನ್ನು ಜಿಂಕೆಯೆಂದೇ ಕರೆದರೂ ಅದು ಹುಲ್ಲೆಯ ವರ್ಗದ್ದು: ಜಿಂಕೆಯ ಕೊಂಬು ಕವಲೊಡೆದು ವರ್ಷವರ್ಷವೂ ಉದುರುತ್ತದೆ, ಹುಲ್ಲೆಯದು ಕವಲಿಲ್ಲದೆ ಜೀವಮಾನವಿಡೀ ಇರುತ್ತದೆ. ಭುಜದವರೆಗೆ 65 ಸೆಂಟಿಮೀಟರ್ ಎತ್ತರದ, 20ರಿಂದ 25 ಕಿಲೋ ತೂಗುವ ಈ ಪುಟ್ಟ ಪ್ರಾಣಿ ದಿನಗಟ್ಟಲೆ ನೀರು ಕುಡಿಯದೆ ಎಲೆ, ಹುಲ್ಲು, ಕಾಯಿಗಳ ತೇವದ ಮೇಲೆಯೇ ಬದುಕಬಲ್ಲದು. ಘಟಪ್ರಭೆಯ ನೀರಿನಿಂದ ಕಬ್ಬು ಬೆಳೆಯುವ ಬಯಲಿನ ಪಕ್ಕದಲ್ಲಿಯೇ ಹೀಗೆ ನೀರನ್ನು ಬೇಡದ ಜೀವವೊಂದು ಉಳಿದುಬಂದಿರುವುದು ಈ ಸೀಮೆಯ ಭಾಗ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದು ಸೇರಿದೆ. ಅದನ್ನು ಕೊಂದವರಿಗೆ ಮೂರರಿಂದ ಏಳು ವರ್ಷಗಳ ಸೆರೆಮನೆ ಶಿಕ್ಷೆಯಿದೆ. ಆ ಅನುಸೂಚಿಯ ಪ್ರಾಣಿಯು ಹೊಲದ ಬೆಳೆಯನ್ನು ತಿಂದಿತೆಂಬುದು ಕೊಲ್ಲಲು ಕಾರಣವಾಗುವುದಿಲ್ಲ.

ಲೋಹಜ್ಞ: ಹಾಗಿದ್ದಲ್ಲಿ ಬೆಳೆ ಕಾಯುವ ಕೋವಿಗೆ ಪರವಾನಗಿ ಕೊಡುವುದರ ಅರ್ಥವೇನು?

ಇತಿಹಾಸಕಾರ: ಪರವಾನಗಿಯು ಕೋವಿಗೇ ಹೊರತು ಪ್ರಾಣಿಗಲ್ಲ. ಇದಕ್ಕಿಂತ ಗಮನಿಸಬೇಕಾದ ಇನ್ನೊಂದು ಅಂಶವಿದೆ. ವನ್ಯಜೀವಿ ಕಾಯಿದೆಯ 34ನೆಯ ಕಲಮಿನ ಪ್ರಕಾರ, ಒಂದು ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಿದ ಮೂರು ತಿಂಗಳೊಳಗೆ, ಅದರ ಒಳಗೆ ಅಥವಾ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ವಾಸಿಸುವ ಪ್ರತಿಯೊಬ್ಬ ಕೋವಿ ಪರವಾನಗಿದಾರನೂ ವನ್ಯಜೀವಿ ಅಧಿಕಾರಿಯ ಬಳಿ ತನ್ನ ಹೆಸರನ್ನು ದಾಖಲು ಮಾಡಿಸಬೇಕು, ಮತ್ತು ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಸಮ್ಮತಿ ಬೇಕು. ಆಯುಧವನ್ನು ದಾಖಲು ಮಾಡಿಸಿರೆಂಬ ಅಪ್ಪಣೆಗೆ ಒಲ್ಲೆನೆಂದು ಜನ ಗಲ್ಲಿಗೇರಿದ ತಾಲ್ಲೂಕಿಗೆ, 159 ವರ್ಷಗಳ ನಂತರ, ದಾಖಲು ಮಾಡಿಸಿರೆಂಬ ಕಟ್ಟಳೆಯು ಮತ್ತೊಮ್ಮೆ ಅನ್ವಯಿಸಿತು.

ಲೋಹಜ್ಞ: ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾಗುತ್ತದೆ. ಮೊದಲನೆಯದು ಪರಕೀಯ ಆಡಳಿತವು ತನ್ನ ರಕ್ಷಣೆಗಾಗಿ ಮಾಡಿದ್ದು. ಎರಡನೆಯದು ಜನರೇ ಆರಿಸಿದ ಸಂಸತ್ತು ಮಾತಿಲ್ಲದ ಪ್ರಾಣಿಯ ರಕ್ಷಣೆಗಾಗಿ ಮಾಡಿದ್ದು.

ಇತಿಹಾಸಕಾರ: ಉದ್ದೇಶ ಒಂದೇ ಎಂದು ಯಾರೂ ಹೇಳುತ್ತಿಲ್ಲ, ಮತ್ತು ಚಿಂಕಾರದ ಪರವಾದ ಕಟ್ಟಳೆಯನ್ನು ಬೆಂಬಲಿಸಲೇಬೇಕು. ಹೇಳಬೇಕಾದದ್ದು ಬೇರೆ. ಹಲಗಲಿಯಲ್ಲಿ ಆಯುಧವನ್ನು ಕೇಳಿದ ಸರಕಾರ, ಆಯುಧದಿಂದ ನಡೆಯುತ್ತಿದ್ದ ಕಾವಲು ಚಾಕರಿಗೂ ಬೇಟೆಯ ಬದುಕಿಗೂ ಬದಲಾಗಿ ಏನನ್ನೂ ಕೊಡಲಿಲ್ಲ. ಜನರ ಸಿಟ್ಟಿನ ಬುಡದಲ್ಲಿ ಇದ್ದದ್ದು ಅದು. ಇಂದು ಯಡಹಳ್ಳಿಯ ಅಂಚಿನ ರೈತನಿಗೆ ಬೆಳೆಹಾನಿಯ ಪರಿಹಾರ ಹಂಗಾಮು ಮುಗಿಯುವುದರೊಳಗೆ ಕೈಸೇರಬೇಕು, ಗುಡ್ಡದ ಜಾಡು ಬಲ್ಲ ಬೇಡ ಕುಟುಂಬಗಳವರಿಗೆ ಕಾವಲಿನ ಕೆಲಸದಲ್ಲಿ ಮೊದಲ ಹಕ್ಕು ಸಿಗಬೇಕು. ಹೆಜ್ಜೆಗುರುತು, ಹಿಕ್ಕೆ, ಗಾಳಿಯ ದಿಕ್ಕುಗಳನ್ನು ನೋಡಿ ಪ್ರಾಣಿಯಿರುವ ತಾಣವನ್ನು ಹೇಳಬಲ್ಲ ವಿದ್ಯೆಯು ಕೊಲ್ಲಲು ಎಷ್ಟು ಬೇಕೋ ಎಣಿಸಲೂ ಕಾಯಲೂ ಅಷ್ಟೇ ಬೇಕು. ಮುಧೋಳದ ಬೇಟೆನಾಯಿಗೆ ದೊರೆತ ಗತಿ ಅದನ್ನು ಬೆಳೆಸಿದ ಜನರಿಗೂ ದೊರೆಯಬೇಕು: ಮೊಲ, ಹುಲ್ಲೆಗಳನ್ನು ಅಟ್ಟಿಸಿಕೊಂಡು ಹೋಗಲೆಂದು ಸಾಕಿದ ಆ ತಳಿಗೆ ಬೇಟೆ ನಿಂತ ಮೇಲೂ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಿದೆ, ಭಾರತೀಯ ಸೇನೆ ಅದನ್ನು ಕೆಲಸಕ್ಕೆ ತೆಗೆದುಕೊಂಡಿದೆ.

ಲೋಹಜ್ಞ: ಪರಿಹಾರ ಬರುವವರೆಗೆ ರೈತ ರಾತ್ರಿ ಹೊಲದಲ್ಲಿ ನಿಲ್ಲಲೇಬೇಕಾಗುತ್ತದೆ, ಮತ್ತು ಅವನ ಕೈಯಲ್ಲಿ ಪರವಾನಗಿಯ ಕೋವಿ ಇರಬಹುದು.

ಇತಿಹಾಸಕಾರ: ಹಾಗಿದ್ದರೆ ಆ ಕೋವಿಗೆ ಸೀಸವೋ ತಾಮ್ರವೋ ಎಂಬುದನ್ನು ಲೋಹ ಬಲ್ಲವರೇ ಹೇಳಬೇಕು.

ಲೋಹಜ್ಞ: ಎರಡೂ ಬೇಡ. ಬೆದರಿಸಲು ಬೇಕಾದದ್ದು ಸದ್ದು. ಅಲ್ಪ ಮದ್ದಿನ ಮೇಲೆ ಗುಂಡಿಲ್ಲದೆ ಬರಿಯ ಒತ್ತನ್ನು, ಅಂದರೆ ಮದ್ದನ್ನು ಅದುಮಿ ಹಿಡಿಯುವ ತುಂಡನ್ನು, ಇಟ್ಟು ಆಕಾಶಕ್ಕೆ ಹಾರಿಸಿದರೆ ಅದು ದೊರೆಯುತ್ತದೆ. ಒತ್ತಿಗೆ ಬಟ್ಟೆಯ ಚಿಂದಿಯನ್ನು ಮಾತ್ರ ಬಳಸಬಾರದು, ಏಕೆಂದರೆ ಚಿಂದಿಯು ನಳಿಗೆಯಿಂದ ಹೊರಬಿದ್ದ ಮೇಲೂ ಕನಲುತ್ತಿದ್ದು, ಮಾಗಿಯ ನಂತರದ ಒಣಹುಲ್ಲಿನಲ್ಲಿ ಬಿದ್ದರೆ ಗುಡ್ಡಕ್ಕೇ ಬೆಂಕಿ ಹತ್ತುತ್ತದೆ. ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಕೋವಿಯನ್ನು ಮನೆಯಲ್ಲಿಯೇ ಬಿಟ್ಟು, ಹಲಗೆ ಬಾರಿಸುವುದೂ ತಗಡು ಬಡಿಯುವುದೂ ಒಳ್ಳೆಯದು.